ಸೊನ್ನೆ ಬರುವವರೆಗೆ

ನನ್ನ ಗೆಳತಿಯ ಹತ್ತಿರ ಒಂದು ಪುಟ್ಟ ನೋಟ್‌ಬುಕ್ ಇದೆ. ಎಡಗಡೆ ತಾರೀಖು, ಬಲಗಡೆ ಒಂದು ಸಂಖ್ಯೆ, ಅಷ್ಟೇ. ಮೊದಲ ಸಾಲಿನಲ್ಲಿ ಲಕ್ಷ ದಾಟಿದ ಸಂಖ್ಯೆ. ಕೆಳಗೆ ಬಂದಂತೆ ಸಾವಿರ, ಆಮೇಲೆ ನೂರು. ಒಂದು ಕಡೆ ಇಳಿಯುವುದು ನಿಂತು ಮತ್ತೆ ಏರಿದೆ. 214, 260, 391. ಆ ಮೂರು ಸಾಲುಗಳ ಹತ್ತಿರ ಪೆನ್ನು ಒತ್ತಿ ಒತ್ತಿ ಕಾಗದ ತೂತಾಗಿದೆ.

ಅವಳು ಗರ್ಭಿಣಿಯಾಗಿದ್ದಳು. ಮೊದಲ ಎರಡು ತಿಂಗಳು ವಿಪರೀತ ವಾಂತಿ. ಎಲ್ಲರೂ ಅದು ಸಹಜ ಅಂದರು. ಆಮೇಲೆ ರಕ್ತ ಹೋಗಲು ಶುರುವಾಯಿತು. ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಮಗು ಇರಲಿಲ್ಲ. ಮಂಜು ಬಿದ್ದ ಹಾಗೆ ಬೆಳ್ಳಗೆ ಚುಕ್ಕೆ ಚುಕ್ಕೆ ಕಾಣುತ್ತಿತ್ತಂತೆ. ಗರ್ಭಕೋಶದ ತುಂಬ ದ್ರಾಕ್ಷಿ ಗೊಂಚಲಿನ ಹಾಗೆ ನೀರುಗುಳ್ಳೆಗಳು. ಇದಕ್ಕೆ ಮೋಲಾರ್ ಗರ್ಭ ಅನ್ನುತ್ತಾರೆ. ಅದನ್ನು ತೆಗೆದು ಗರ್ಭಕೋಶ ಸ್ವಚ್ಛ ಮಾಡಿದರು. "ಎಲ್ಲ ಕ್ಲೀನ್ ಆಗಿದೆ, ಆರು ತಿಂಗಳು ಬಿಟ್ಟು ಮತ್ತೆ ಪ್ರಯತ್ನ ಮಾಡಿ" ಎಂದು ಹೇಳಿ ಮನೆಗೆ ಕಳಿಸಿದರು.

ಅಲ್ಲಿಗೆ ಕಥೆ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಮುಗಿಯಲಿಲ್ಲ. ಬೇರೆ ಏನೋ ಕಾರಣಕ್ಕೆ ಅವಳು ಇನ್ನೊಬ್ಬ ಡಾಕ್ಟರ ಬಳಿ ಹೋದಳು. ಅವರು ಹಳೆಯ ಕಾಗದ ತಿರುವಿ ನೋಡಿ ಒಂದೇ ಒಂದು ಪ್ರಶ್ನೆ ಕೇಳಿದರು. "ನೋಡಮ್ಮ, ಆಮೇಲೆ ವಾರ ವಾರ ಎಚ್‌ಸಿಜಿ ಮಾಡಿಸ್ತಾ ಇದ್ದೀರಾ?" ಗರ್ಭ ನಿಂತಾಗ ದೇಹದಲ್ಲಿ ಕಾಣುವ ಒಂದು ಹಾರ್ಮೋನ್ ಎಷ್ಟಿದೆ ಅಂತ ನೋಡುವ ಪರೀಕ್ಷೆ ಅದು. ಹಾಗೆ ಮಾಡಿಸಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನೋಟ್‌ಬುಕ್ ಶುರುವಾಗಿದ್ದು ಅವತ್ತು. ಮೊದಲ ಸಾಲಿನ ಲಕ್ಷ ದಾಟಿದ ಸಂಖ್ಯೆಯನ್ನು ಹಳೆಯ ಕಾಗದದಿಂದ ನೋಡಿ ಬರೆದುಕೊಂಡಳು.

ಆ ಪ್ರಶ್ನೆ ಎಲ್ಲಿಂದ ಬಂತು, ಅದನ್ನು ಕೇಳಬೇಕು ಅಂತ ಡಾಕ್ಟರುಗಳು ಕಲಿತಿದ್ದು ಹೇಗೆ ಎಂದು ನಾನು ಹುಡುಕಿಕೊಂಡು ಹೋದೆ. ಈ ಬರಹ ಆ ಹುಡುಕಾಟದ್ದು.

ಮೊದಲು ಕಾಯಿಲೆ ಏನು ಅಂತ ಹೇಳಿಬಿಡುತ್ತೇನೆ. ಗರ್ಭ ನಿಂತಾಗ ಮಗುವಿನ ಜೊತೆಗೆ ಮಾಸು ಬೆಳೆಯುತ್ತದೆ. ನಮ್ಮ ಮಾತಿನಲ್ಲಿ ಅದಕ್ಕೆ ಕಸ ಅಂತಲೂ ಹೆಸರಿದೆ. ಹೆರಿಗೆ ಆದ ಮೇಲೆ ಹೊರಗೆ ಬಿದ್ದುಹೋಗುವ ವಸ್ತು ಅಲ್ವಾ, ಅದಕ್ಕೇ ಇರಬೇಕು. ಆದರೆ ಅದರ ಕೆಲಸ ನೋಡಿದರೆ ಆ ಹೆಸರು ತೀರಾ ಅನ್ಯಾಯ. ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯನ್ನು ಕೊರೆದುಕೊಂಡು ಒಳಗೆ ಹೋಗುತ್ತವೆ. ತಾಯಿಯ ರಕ್ತನಾಳಗಳನ್ನು ಹುಡುಕಿ ತೆರೆಯುತ್ತವೆ. ಮಗುವಿಗೆ ಬೇಕಾದ ಊಟ, ಉಸಿರು ಎರಡನ್ನೂ ಅಲ್ಲಿಂದಲೇ ತರುತ್ತವೆ. ಇವುಗಳಲ್ಲಿರುವ ಜೀನ್‌ಗಳಲ್ಲಿ ಅರ್ಧ ತಂದೆಯವು. ಅಂದರೆ ತಾಯಿಯ ದೇಹಕ್ಕೆ ಅರ್ಧ ಹೊರಗಿನವು. ಆದರೂ ದೇಹ ಅವನ್ನು ಓಡಿಸುವುದಿಲ್ಲ. ಹೀಗೆ ನುಗ್ಗುವುದು, ರಕ್ತನಾಳ ಹಿಡಿಯುವುದು, ದೇಹದ ಕಾವಲಿಗೆ ಸಿಗದೆ ಇರುವುದು, ಇವೆಲ್ಲ ಕ್ಯಾನ್ಸರ್ ಮಾಡುವ ಕೆಲಸಗಳೇ. ಮಾಸು ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಎಲ್ಲೋ ಅಪರೂಪಕ್ಕೆ ನಿಲ್ಲುವುದಿಲ್ಲ.

ಹಾಗೆ ನಿಲ್ಲದೆ ಹೋದಾಗ ಬರುವ ಕ್ಯಾನ್ಸರ್‌ಗಳಲ್ಲಿ ತುಂಬ ಕೆಟ್ಟದ್ದು ಕೋರಿಯೋಕಾರ್ಸಿನೋಮಾ. ಮೋಲಾರ್ ಗರ್ಭದ ನಂತರ ಬರಬಹುದು, ಗರ್ಭಪಾತದ ನಂತರ ಬರಬಹುದು, ಆರೋಗ್ಯವಾಗಿ ಮಗು ಹುಟ್ಟಿದ ಮೇಲೂ ಬರಬಹುದು. ಹೆರಿಗೆಯ ನಂತರ ಬರುವುದು ಸುಮಾರು 50,000ಕ್ಕೆ ಒಂದು. ಪೂರ್ಣ ಮೋಲಾರ್ ಗರ್ಭ ಆದವರಲ್ಲಿ ನೂರಕ್ಕೆ ಸುಮಾರು 15 ಜನರಿಗೆ ಉಳಿದ ಕೋಶಗಳು ಮತ್ತೆ ಬೆಳೆದು ಕೀಮೋ ಬೇಕಾಗುತ್ತದೆ. ಅವರೆಲ್ಲರದೂ ಕೋರಿಯೋಕಾರ್ಸಿನೋಮಾ ಅಲ್ಲ. ಆದರೆ ಹೇಳದೆ ಕೇಳದೆ ಬೆಳೆಯಲು ಬಿಟ್ಟರೆ ಆ ದಾರಿ ಹಿಡಿಯಬಹುದು. ರಕ್ತನಾಳ ಹುಡುಕುವುದೇ ಈ ಕೋಶಗಳ ಹುಟ್ಟುಗುಣ. ಆದ್ದರಿಂದ ಶ್ವಾಸಕೋಶಕ್ಕೆ, ಮಿದುಳಿಗೆ, ಯಕೃತ್ತಿಗೆ ಬಹಳ ಬೇಗ ಹರಡುತ್ತವೆ. ಹೋದಲ್ಲೆಲ್ಲ ರಕ್ತಸ್ರಾವ. 1950ಕ್ಕೆ ಮುಂಚೆ ಇದು ಹರಡಿದೆ ಅಂದರೆ ಹೆಚ್ಚಿನವರು ವರ್ಷದೊಳಗೆ ಹೋಗಿಬಿಡುತ್ತಿದ್ದರು. ಎಲ್ಲರೂ ಹರೆಯದ ಹೆಣ್ಣುಮಕ್ಕಳು.

ಇದಕ್ಕೆ ಔಷಧಿ ಸಿಕ್ಕಿದ ದಾರಿ ನನಗೆ ತುಂಬ ಇಷ್ಟ. ಅದು ಶುರುವಾಗುವುದೂ ಗರ್ಭಿಣಿಯರಿಂದಲೇ. ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ 1928ರಿಂದ ಬಾಂಬೆಯಲ್ಲಿ ಕೆಲಸ ಮಾಡುತ್ತಿದ್ದರು. ಬಟ್ಟೆ ಗಿರಣಿಯ ಬಡ ಗರ್ಭಿಣಿಯರಿಗೆ ಒಂದು ರೀತಿಯ ರಕ್ತಹೀನತೆ ಬರುತ್ತಿತ್ತು. ಯೀಸ್ಟ್ ಸಾರ ಕೊಟ್ಟರೆ ಅದು ವಾಸಿಯಾಗುತ್ತದೆ ಎಂದು ಅವರು ಕಂಡುಹಿಡಿದರು. ಆ ಸಾರದಲ್ಲಿದ್ದ ವಸ್ತು ಫೋಲಿಕ್ ಆಮ್ಲ ಎಂದು ಆಮೇಲೆ ಗೊತ್ತಾಯಿತು. ಬೆಳೆಯುವ ಕೋಶಗಳಿಗೆ ಅದು ಬೇಕೇ ಬೇಕು. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಆ ಆಮ್ಲವನ್ನು ತಯಾರಿಸಿತು. ನಂತರ ಅದರ ಹಾಗೇ ಕಾಣುವ, ಆದರೆ ಅದರ ಕೆಲಸಕ್ಕೆ ಅಡ್ಡಬರುವ ವಸ್ತುಗಳನ್ನೂ ತಯಾರಿಸಿತು. ಅವುಗಳಲ್ಲಿ ಒಂದನ್ನು ಬಾಸ್ಟನ್‌ನ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟರು. 1948ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮಕ್ಕಳು ಚೇತರಿಸಿಕೊಂಡರು, ಆದರೆ ಕೆಲವೇ ತಿಂಗಳು. ಅದೇ ಬಳಗದ ಇನ್ನೊಂದು ಔಷಧಿ ಮೆಥೊಟ್ರೆಕ್ಸೇಟ್.

ಇತ್ತ ಅಮೆರಿಕದ ಬೆಥೆಸ್ಡಾದಲ್ಲಿ, ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ, ರಾಯ್ ಹರ್ಟ್ಜ್ ಎಂಬ ಹಾರ್ಮೋನ್ ವಿಜ್ಞಾನಿ ಇದ್ದರು. ಫೋಲಿಕ್ ಆಮ್ಲ ಸಿಗದ ಕೋಳಿಮರಿಗಳಿಗೆ ಎಷ್ಟು ಈಸ್ಟ್ರೋಜನ್ ಕೊಟ್ಟರೂ ಅವುಗಳ ಅಂಡನಾಳ ಬೆಳೆಯುವುದಿಲ್ಲ ಎಂಬುದನ್ನು ಅವರು ಮೊದಲೇ ನೋಡಿದ್ದರು. ಗರ್ಭಕ್ಕೆ ಸಂಬಂಧಪಟ್ಟ ಅಂಗಾಂಶಕ್ಕೆ ಈ ಆಮ್ಲ ಅಷ್ಟೊಂದು ಬೇಕು ಅಂದಮೇಲೆ, ಅದಕ್ಕೆ ತಡೆ ಹಾಕಿದರೆ ಮಾಸಿನ ಕ್ಯಾನ್ಸರ್ ನಿಲ್ಲಬೇಕಲ್ಲ? ಕೋಳಿಮರಿಯಿಂದ ಅಲ್ಲಿಗೆ ಯೋಚನೆ ಹೋಗಬೇಕಾದರೆ ಎಷ್ಟು ದಿನ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಿರಬೇಕು!

1955ರಲ್ಲಿ ಅಲ್ಲಿಗೆ ಮಿನ್ ಚಿಯು ಲೀ ಬಂದರು. ಚೀನಾದಲ್ಲಿ ಹುಟ್ಟಿದವರು, 1947ರಲ್ಲಿ ಅಮೆರಿಕಕ್ಕೆ ಬಂದವರು. ಬೆಥೆಸ್ಡಾಗೆ ಬರುವ ಮೊದಲು ನ್ಯೂಯಾರ್ಕಿನಲ್ಲಿದ್ದಾಗ ಅವರು ಒಂದು ವಿಚಿತ್ರ ಗಮನಿಸಿದ್ದರು. ಚರ್ಮದ ಕ್ಯಾನ್ಸರ್ ಇದ್ದ ಒಬ್ಬ ರೋಗಿಯ ಮೂತ್ರದಲ್ಲಿ ಎಚ್‌ಸಿಜಿ ಇತ್ತು. ಎಚ್‌ಸಿಜಿ ಅಂದರೆ ಮಾಸು ತಯಾರಿಸುವ ಹಾರ್ಮೋನ್, ಗರ್ಭ ನಿಂತಿದೆಯಾ ಅಂತ ನೋಡಲು ಪರೀಕ್ಷಿಸುತ್ತಾರಲ್ಲ, ಅದೇ. ಮೆಥೊಟ್ರೆಕ್ಸೇಟ್ ಕೊಟ್ಟಾಗ ಆ ಹಾರ್ಮೋನ್ ಇಳಿಯಿತು. ಆ ಸಣ್ಣ ಸಂಗತಿಯನ್ನು ಲೀ ಮರೆಯಲಿಲ್ಲ.

1956ರಲ್ಲಿ ಒಬ್ಬ ಯುವತಿಯನ್ನು ಕರೆತಂದರು. ಕೋರಿಯೋಕಾರ್ಸಿನೋಮಾ ಶ್ವಾಸಕೋಶಕ್ಕೆ ಹರಡಿ ಒಳಗೆ ರಕ್ತ ಸೋರುತ್ತಿತ್ತು. ಉಳಿಯುವ ನಂಬಿಕೆ ಯಾರಿಗೂ ಇರಲಿಲ್ಲ. ಲೀ ಮತ್ತು ಹರ್ಟ್ಜ್ ಅವಳಿಗೆ ಮೆಥೊಟ್ರೆಕ್ಸೇಟ್ ಕೊಟ್ಟರು. ರಕ್ತ ಸೋರುವುದು ನಿಂತಿತು. ಮತ್ತೆ ಕೊಟ್ಟರು. ಎಕ್ಸ್‌ರೇಯಲ್ಲಿ ಗಡ್ಡೆಗಳು ಕರಗುತ್ತಾ ಬಂದು ಕಾಣದಾದವು. ಅದೇ ವರ್ಷ ಡೊನಾಲ್ಡ್ ಸ್ಪೆನ್ಸರ್ ಜೊತೆ ಸೇರಿ ಮೂವರೂ ಒಂದು ಪುಟ್ಟ ವರದಿ ಬರೆದರು. ಎಲ್ಲ ಕಡೆ ಹರಡಿದ ಗಟ್ಟಿ ಗಡ್ಡೆಯ ಕ್ಯಾನ್ಸರ್ ಬರೀ ಔಷಧಿಯಿಂದ ಹೋಗಬಹುದು ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟ ಕೆಲಸ ಅದು.

ಇಲ್ಲಿಂದ ಮುಂದಿನದನ್ನು ಓದಿದಾಗ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ರೋಗಿಗಳು ಚೆನ್ನಾಗಿ ಕಾಣುತ್ತಿದ್ದರು, ಎಕ್ಸ್‌ರೇ ಸ್ವಚ್ಛವಾಗಿತ್ತು. ಆದರೆ ಮೂತ್ರದಲ್ಲಿ ಹಾರ್ಮೋನ್ ಇನ್ನೂ ಸ್ವಲ್ಪ ಉಳಿದಿತ್ತು. ಗರ್ಭ ಇಲ್ಲದ ಹೆಣ್ಣಿನ ದೇಹದಲ್ಲಿ ಆ ಹಾರ್ಮೋನ್ ಇದೆ ಅಂದರೆ ಅದನ್ನು ತಯಾರಿಸುವ ಕೋಶ ಎಲ್ಲೋ ಇದೆ ಅಂತ ತಾನೇ? ಲೀ ಹಾಗೆಂದೇ ನಂಬಿದರು. ಸಂಖ್ಯೆ ಸೊನ್ನೆಗೆ ಬರುವವರೆಗೆ ಔಷಧಿ ನಿಲ್ಲಿಸುವುದಿಲ್ಲ ಅಂದರು. ಸುತ್ತಲಿನವರಿಗೆ ಇದು ಸರಿ ಕಾಣಲಿಲ್ಲ. ಮೆಥೊಟ್ರೆಕ್ಸೇಟ್ ವಿಷದಂಥ ಔಷಧಿ. ಬಾಯೆಲ್ಲ ಹುಣ್ಣಾಗುತ್ತದೆ, ರಕ್ತದ ಕೋಶಗಳು ಕುಸಿಯುತ್ತವೆ. ಕಣ್ಣಿಗೆ ಕಾಯಿಲೆಯೇ ಕಾಣದ ಹೆಂಗಸಿಗೆ ಬರೀ ಒಂದು ಸಂಖ್ಯೆ ನೋಡಿ ವಿಷ ಕೊಡುವುದು ಯಾವ ನ್ಯಾಯ ಎಂದು ಅವರು ಕೇಳಿದರು. 1957ರಲ್ಲಿ ಲೀ ಆ ಸಂಸ್ಥೆ ಬಿಡಬೇಕಾಯಿತು.

ಕೇಳಿದವರು ಕೆಟ್ಟವರೇನೂ ಅಲ್ಲ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆನೇನೋ. ಆದರೆ ದಿನ ಹೋದ ಹಾಗೆ ಗೊತ್ತಾಯಿತು. ಹಾರ್ಮೋನ್ ಉಳಿದಿರುವಾಗಲೇ ಔಷಧಿ ನಿಲ್ಲಿಸಿದವರಲ್ಲಿ ಕಾಯಿಲೆ ಮರಳಿ ಬಂತು. ಸೊನ್ನೆಯವರೆಗೆ ಹೋದವರು ಉಳಿದರು.

ಯಾಕೆ ಹೀಗೆ ಅಂತ ಒಂದು ಸರಳ ಲೆಕ್ಕ ಇದೆ. ಒಂದು ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು ನೂರು ಕೋಟಿ ಜೀವಕೋಶಗಳಿರುತ್ತವೆ ಎಂದು ಲೆಕ್ಕ ಹಾಕುತ್ತಾರೆ. ಅದಕ್ಕಿಂತ ತೀರಾ ಸಣ್ಣದಾದರೆ ಎಕ್ಸ್‌ರೇಗೆ ಕಾಣುವುದು ಕಷ್ಟ. ಎಚ್‌ಸಿಜಿ ಪರೀಕ್ಷೆಗೆ ಅಷ್ಟು ಬೇಡ. ಕೋಶಗಳು ಲಕ್ಷದ ಲೆಕ್ಕಕ್ಕೆ ಇಳಿದರೂ ಅದು ಸುಳಿವು ಕೊಡುತ್ತದೆ. ಕಣ್ಣಿಗೆ ಕಾಣುವ ಗಡ್ಡೆ ಹೋದ ಮೇಲೂ ಇನ್ನೂ ಕೋಟಿಗಟ್ಟಲೆ ಕೋಶ ಉಳಿದಿರಬಹುದು. ಅದು ಕಾಣುತ್ತಿದ್ದುದು ಲೀ ಹಿಡಿದುಕೊಂಡಿದ್ದ ಆ ಒಂದು ಸಂಖ್ಯೆಯಲ್ಲಿ ಮಾತ್ರ. ಆ ಕಾಲದಲ್ಲಿ ಆ ಸಂಖ್ಯೆ ಹುಡುಕುವುದೂ ಸುಲಭ ಇರಲಿಲ್ಲ. ರೋಗಿಯ ಮೂತ್ರದ ಸಾರವನ್ನು ಎಳೆ ಇಲಿಗಳಿಗೆ ಚುಚ್ಚಿ, ಆ ಇಲಿಯ ಗರ್ಭಕೋಶ ಎಷ್ಟು ಬೆಳೆಯಿತು ಅಂತ ತೂಕ ಮಾಡಬೇಕಿತ್ತು. ಅಷ್ಟು ಕಷ್ಟಪಟ್ಟು ತಂದ ಸಂಖ್ಯೆಯನ್ನು ಅವರು ಅಷ್ಟು ಗಟ್ಟಿಯಾಗಿ ನಂಬಿದರು.

ಹರ್ಟ್ಜ್ ಬೆಥೆಸ್ಡಾದಲ್ಲೇ ಕೆಲಸ ಮುಂದುವರಿಸಿದರು. 1961ರಲ್ಲಿ ಐದು ವರ್ಷದ ಅನುಭವ ಬರೆದರು. ಕಾಯಿಲೆ ಹರಡಿದ್ದ 63 ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಕಾಯಿಲೆ ಪೂರ್ತಿ ಮಾಯವಾಗಿತ್ತು. 63 ಅಂದರೆ ಓದುವಾಗ ಸಣ್ಣ ಸಂಖ್ಯೆ ಅನಿಸುತ್ತದೆ. ಇಷ್ಟು ಅಪರೂಪದ ಕಾಯಿಲೆಯಲ್ಲಿ ಅಷ್ಟು ಜನರನ್ನು ಒಂದು ಕಡೆ ಸೇರಿಸಿ, ಒಬ್ಬೊಬ್ಬರನ್ನೂ ವರ್ಷಗಟ್ಟಲೆ ನೋಡಿಕೊಳ್ಳಲು ಎಷ್ಟು ತಾಳ್ಮೆ ಬೇಕು!

ಅಪರೂಪದ ಕ್ಯಾನ್ಸರ್‌ನ ನಿಜವಾದ ತೊಂದರೆ ಅದೇ. ಸಾಮಾನ್ಯ ಕಾಯಿಲೆಯನ್ನು ಡಾಕ್ಟರು ದಿನಾ ನೋಡಿ ನೋಡಿ ಕಲಿಯುತ್ತಾರೆ. ಇದನ್ನು ಜೀವಮಾನದಲ್ಲಿ ಒಮ್ಮೆ ನೋಡಿದರೂ ಹೆಚ್ಚು. ಆ ಒಮ್ಮೆ ನೋಡಿದಾಗ ಗುರುತು ಸಿಗದೆ ಹೋಗಬಹುದು. ನನ್ನ ಗೆಳತಿಯನ್ನು ಮನೆಗೆ ಕಳಿಸಿದವರ ಮೇಲೆ ನನಗೆ ಮೊದಲು ತುಂಬ ಕೋಪ ಇತ್ತು. ಈಗಲೂ ಸ್ವಲ್ಪ ಇದೆ. ಆದರೆ ಈ ತೊಂದರೆಗೆ ಒಬ್ಬ ಡಾಕ್ಟರ ಜಾಣತನ ಸಾಕಾಗುವುದಿಲ್ಲ, ಚದುರಿ ಹೋಗಿರುವ ರೋಗಿಗಳನ್ನು ಒಂದು ಜಾಗಕ್ಕೆ ತರುವ ಏರ್ಪಾಡೇ ಬೇಕು ಎಂಬುದು ನನಗೆ ಅರ್ಥವಾಗಿದ್ದು ಲಂಡನ್ನಿನ ಕಥೆ ಓದಿದಾಗ.

ಅಲ್ಲಿ ಕೆನೆತ್ ಬ್ಯಾಗ್‌ಶಾ ಎಂಬ ಡಾಕ್ಟರು ಮೊದಲು ಫುಲ್ಹಮ್ ಆಸ್ಪತ್ರೆಯಲ್ಲಿ, ನಂತರ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಈ ಒಂದು ಕಾಯಿಲೆಗೇ ತಮ್ಮ ಜೀವನದ ದೊಡ್ಡ ಪಾಲು ಕೊಟ್ಟರು. ಕೀಮೋದಿಂದ ಬಿಳಿರಕ್ತಕಣ ಕುಸಿದವರು ಸೋಂಕಿನಿಂದ ಸಾಯಬಾರದು ಅಂತ ಸೋಂಕು ಸುಳಿಯದ ಪ್ರತ್ಯೇಕ ವಾರ್ಡ್ ಮಾಡಿಸಿದರು. ಇಲಿಗಳ ಬದಲು ಪ್ರಯೋಗಶಾಲೆಯಲ್ಲೇ ಎಚ್‌ಸಿಜಿ ಅಳೆಯುವ ಹೊಸ ವಿಧಾನ ಬೆಳೆಸಿದರು, ಅದನ್ನು ಯಂತ್ರವೇ ಮಾಡುವ ಹಾಗೆ ಮಾಡಿದರು. ಯಾರಿಗೆ ಸಾಧಾರಣ ಔಷಧಿ ಸಾಕು, ಯಾರಿಗೆ ಜೋರಾದ ಔಷಧಿ ಬೇಕು ಅಂತ ನಿರ್ಧರಿಸಲು 1976ರಲ್ಲಿ ಒಂದು ಅಂಕಪದ್ಧತಿ ಮುಂದಿಟ್ಟರು. ವಯಸ್ಸು, ಹಿಂದಿನ ಗರ್ಭ ಯಾವ ತರಹದ್ದು, ಅದು ಮುಗಿದು ಎಷ್ಟು ತಿಂಗಳಾಯಿತು, ಎಚ್‌ಸಿಜಿ ಎಷ್ಟು, ಎಲ್ಲೆಲ್ಲಿ ಹರಡಿದೆ, ಇವಕ್ಕೆಲ್ಲ ಅಂಕ. ಇವತ್ತು ಜಗತ್ತಿನಾದ್ಯಂತ ಬಳಸುವ ಅಂಕಪದ್ಧತಿ ಅದರಿಂದಲೇ ಬೆಳೆದದ್ದು. ಒಟ್ಟು 6 ಅಥವಾ ಅದಕ್ಕಿಂತ ಕಡಿಮೆ ಬಂದರೆ ಒಂದೇ ಔಷಧಿ ಸಾಕು. 7 ಅಥವಾ ಜಾಸ್ತಿ ಬಂದರೆ ಹಲವು ಔಷಧಿ ಒಟ್ಟಿಗೆ.

ಆದರೆ ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಅಂಚೆಯದು. 1973ರಲ್ಲಿ ಬ್ರಿಟನ್ನಿನಲ್ಲಿ ಮೋಲಾರ್ ಗರ್ಭ ಆದ ಮಹಿಳೆಯರ ಹೆಸರು ನೋಂದಾಯಿಸುವ ಏರ್ಪಾಡು ಶುರುವಾಯಿತು. ಯಾವ ಊರಿನ ಯಾವ ಸಣ್ಣ ಆಸ್ಪತ್ರೆಯಲ್ಲಿ ಗರ್ಭ ತೆಗೆದರೂ ಅಲ್ಲಿನ ಡಾಕ್ಟರು ಹೆಸರು ಬರೆದು ಕಳಿಸುತ್ತಾರೆ. ಲಂಡನ್, ಶೆಫೀಲ್ಡ್, ಡಂಡೀ, ಈ ಮೂರು ಕೇಂದ್ರಗಳು ಅವರನ್ನು ಹಂಚಿಕೊಳ್ಳುತ್ತವೆ. ಮಹಿಳೆಯ ಮನೆಗೆ ಅಂಚೆಯಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ ಸಣ್ಣ ಬಾಟಲಿ. ಅವಳು ಮೂತ್ರವನ್ನೋ ರಕ್ತವನ್ನೋ ಅದರಲ್ಲಿ ಹಾಕಿ ವಾಪಸ್ ಕಳಿಸುತ್ತಾಳೆ. ಎಲ್ಲೋ ದೂರದಲ್ಲಿ ಒಬ್ಬರು ಅವಳ ಸಂಖ್ಯೆ ಇಳಿಯುತ್ತಿದೆಯಾ ಅಂತ ನೋಡುತ್ತಿರುತ್ತಾರೆ. ಹೆಚ್ಚಿನವರು ಆ ಕೇಂದ್ರಕ್ಕೆ ಕಾಲಿಡುವುದೇ ಬೇಕಾಗುವುದಿಲ್ಲ. ಸಂಖ್ಯೆ ಏರಿದವರನ್ನು ಮಾತ್ರ ಕರೆಸುತ್ತಾರೆ, ಅದೂ ಗಡ್ಡೆ ದೊಡ್ಡದಾಗುವ ಮೊದಲೇ.

ಯಾರೂ ಕೈಬಿಟ್ಟು ಹೋಗುವ ಹಾಗಿಲ್ಲ. ನನ್ನ ಗೆಳತಿಯ ಹೆಸರು ಇಂಥ ಒಂದು ಪಟ್ಟಿಯಲ್ಲಿ ಇದ್ದಿದ್ದರೆ ಅವಳಿಗೆ ಆ ಎರಡನೇ ಡಾಕ್ಟರ ಮುಂದೆ ಅಕಸ್ಮಾತ್ತಾಗಿ ಹೋಗಿ ಕೂರುವ ಅದೃಷ್ಟ ಬೇಕಾಗುತ್ತಿರಲಿಲ್ಲ.

ರೋಗಿಗಳು ಒಂದು ಕಡೆ ಸೇರಿದ್ದರಿಂದ ಕಲಿಕೆಯೂ ಬೇಗ ಆಯಿತು. ಕಠಿಣ ಕಾಯಿಲೆಗೆ ಐದು ಔಷಧಿ ಜೋಡಿಸಿ ಕೊಡುವ ಇಎಂಎ-ಸಿಒ ಎಂಬ ಪದ್ಧತಿ ಚಾರಿಂಗ್ ಕ್ರಾಸ್‌ನಲ್ಲೇ ರೂಪುಗೊಂಡಿತು. ಇವತ್ತು ಕಡಿಮೆ ಅಂಕದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ವಾಸಿಯಾಗುತ್ತಾರೆ. ಹೆಚ್ಚು ಅಂಕದವರಲ್ಲೂ ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಉಳಿಯುತ್ತಾರೆ. ಗರ್ಭಕೋಶ ತೆಗೆಯಬೇಕಾಗುವುದು ಕಡಿಮೆ. ಬಹಳಷ್ಟು ಜನ ಆಮೇಲೆ ಮಕ್ಕಳನ್ನು ಹೆರುತ್ತಾರೆ.

ಸಂಖ್ಯೆಯನ್ನು ನಂಬುವ ಕಥೆ ಹೇಳುವಾಗ ಸಂಖ್ಯೆ ಸುಳ್ಳು ಹೇಳಿದ್ದನ್ನೂ ಹೇಳಬೇಕು. 1990ರ ದಶಕದ ಕೊನೆಯಲ್ಲಿ ಲಾರೆನ್ಸ್ ಕೋಲ್ ಎಂಬ ಅಮೆರಿಕದ ವಿಜ್ಞಾನಿಗೆ ಒಂದು ಅನುಮಾನ ಬಂತು. ಕೆಲವು ಮಹಿಳೆಯರ ರಕ್ತದಲ್ಲಿ ಎಚ್‌ಸಿಜಿ ಸಣ್ಣ ಪ್ರಮಾಣದಲ್ಲಿ ಕಾಣುತ್ತಲೇ ಇತ್ತು, ಆದರೆ ಗಡ್ಡೆ ಎಲ್ಲೂ ಸಿಗುತ್ತಿರಲಿಲ್ಲ. ಅವರಿಗೆ ಕೀಮೋ ಕೊಟ್ಟಾಗಿತ್ತು. ಕೆಲವರ ಗರ್ಭಕೋಶವನ್ನೇ ತೆಗೆದಾಗಿತ್ತು. ಸಂಖ್ಯೆ ಮಾತ್ರ ಅಲ್ಲೇ ಇತ್ತು. ಕೋಲ್ ತೋರಿಸಿದ್ದು ಇಷ್ಟು: ಅವರಿಗೆ ಕ್ಯಾನ್ಸರ್ ಇರಲೇ ಇಲ್ಲ. ಅವರ ರಕ್ತದಲ್ಲಿದ್ದ ಒಂದು ಬಗೆಯ ಪ್ರತಿಕಾಯಗಳು ಪರೀಕ್ಷೆಯ ರಾಸಾಯನಿಕಕ್ಕೆ ಅಂಟಿಕೊಂಡು ಇಲ್ಲದ ಹಾರ್ಮೋನನ್ನು ಇದೆ ಎಂದು ತೋರಿಸುತ್ತಿದ್ದವು. ಇದನ್ನು ಪತ್ತೆಮಾಡುವ ಉಪಾಯ ತೀರಾ ಸರಳ. ಆ ಪ್ರತಿಕಾಯಗಳು ದೊಡ್ಡವು, ಮೂತ್ರಕ್ಕೆ ಇಳಿಯುವುದಿಲ್ಲ. ಹಾಗಾಗಿ ರಕ್ತದಲ್ಲಿ ಇದ್ದು ಮೂತ್ರದಲ್ಲಿ ಇಲ್ಲ ಅಂದರೆ ಅನುಮಾನ ಪಡಬೇಕು.

ಆ ಮಹಿಳೆಯರನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಲೀ ಸಂಖ್ಯೆಯನ್ನು ನಂಬಿ ಗೆದ್ದರು. ಆದರೆ ಪರೀಕ್ಷೆಯೇ ತಪ್ಪಿದಾಗ ಅದೇ ನಂಬಿಕೆ ಇಷ್ಟು ನೋವು ಕೊಟ್ಟಿತು. ಇಬ್ಬರ ಕಥೆಯನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ನನಗೆ ಒಂದು ಕಾಣುತ್ತದೆ. ಲೀಗೆ ಆ ಸಂಖ್ಯೆಯ ಹಿಂದೆ ಏನಿದೆ ಅಂತ ಗೊತ್ತಿತ್ತು. ಕೋಲ್ ಕೂಡ ಅದನ್ನೇ ಹುಡುಕಿದರು, ಈ ಸಂಖ್ಯೆ ಎಲ್ಲಿಂದ ಬರುತ್ತಿದೆ ಅಂತ. ಸುಮ್ನೆ ಕಾಗದದ ಮೇಲಿನ ಅಂಕಿ ನೋಡಿ ಯಾರೂ ಕೂರಲಿಲ್ಲ.

ಇದೇ ಕಾಯಿಲೆಯಿಂದ ಇನ್ನೊಂದು ಉಪಕಾರವೂ ಆಗಿದೆ. 1970ರ ಆಸುಪಾಸಿನಲ್ಲಿ ಎಚ್‌ಸಿಜಿ ಪರೀಕ್ಷೆಗೆ ಒಂದು ಕಷ್ಟವಿತ್ತು. ದೇಹದಲ್ಲಿ ಸಹಜವಾಗಿ ಇರುವ ಇನ್ನೊಂದು ಹಾರ್ಮೋನ್ ಅದರ ಹಾಗೇ ಇದ್ದು ಪರೀಕ್ಷೆಯನ್ನು ಗೊಂದಲ ಮಾಡುತ್ತಿತ್ತು. ಕೀಮೋ ಮುಗಿದವರಲ್ಲಿ ಚೂರು ಉಳಿದಿದೆಯಾ ಇಲ್ಲವಾ ಎಂದು ಹೇಳಲು ಆಗುತ್ತಿರಲಿಲ್ಲ. ಜುಡಿತ್ ವೈಟುಕೈಟಿಸ್, ಗ್ಲೆನ್ ಬ್ರೌನ್‌ಸ್ಟೈನ್, ಗ್ರಿಫ್ ರಾಸ್, ಈ ಮೂವರು ಬೆಥೆಸ್ಡಾದಲ್ಲಿ ಎಚ್‌ಸಿಜಿಯ ಬೀಟಾ ಭಾಗವನ್ನು ಮಾತ್ರ ಗುರುತಿಸುವ ಪರೀಕ್ಷೆ ಮಾಡಿದರು. 1972ರಲ್ಲಿ ಪ್ರಕಟವಾಯಿತು. ಇವತ್ತು ಹೆಣ್ಣುಮಕ್ಕಳು ಬಾತ್‌ರೂಮಿನಲ್ಲಿ ನಿಂತು ಎರಡು ಗೆರೆ ಬರುತ್ತದಾ ಅಂತ ಕಾಯುತ್ತಾರಲ್ಲ, ಆ ಪರೀಕ್ಷೆಗೆ ದಾರಿ ಮಾಡಿಕೊಟ್ಟ ಕೆಲಸಗಳಲ್ಲಿ ಇದೂ ಒಂದು. ನನ್ನ ಗೆಳತಿಗೂ ಆ ಎರಡು ಗೆರೆಗಳೇ ಮೊದಲ ಸುದ್ದಿ ಕೊಟ್ಟಿದ್ದು. ಅವಳು ಎಷ್ಟು ಖುಷಿಪಟ್ಟಿದ್ದಳು ಎಂದು ನನಗೆ ಚೆನ್ನಾಗಿ ನೆನಪಿದೆ.

ಮೋಲಾರ್ ಗರ್ಭ ಯಾಕಾಗುತ್ತದೆ ಎಂಬುದನ್ನೂ ಹೇಳಬೇಕು. ಯಾಕೆಂದರೆ ಅವಳು ತಿಂಗಳುಗಟ್ಟಲೆ ತನ್ನದೇ ಏನೋ ತಪ್ಪು ಅಂತ ಅಂದುಕೊಂಡಿದ್ದಳು. ಭಾರ ಎತ್ತಿದೆ, ಪ್ರಯಾಣ ಮಾಡಿದೆ, ಸರಿಯಾಗಿ ನಿದ್ದೆ ಮಾಡಲಿಲ್ಲ ಅಂತ. 1977ರಲ್ಲಿ ಜಪಾನಿನ ತದಾಶಿ ಕಾಜಿ ಮತ್ತು ಕೋಸೋ ಒಹಾಮಾ ಇದರ ಗುಟ್ಟು ಬಿಡಿಸಿದರು. ಪೂರ್ಣ ಮೋಲಾರ್ ಗರ್ಭದ ಕೋಶಗಳಲ್ಲಿರುವ ಕ್ರೋಮೋಸೋಮುಗಳೆಲ್ಲ ತಂದೆಯ ಕಡೆಯವು. ಹೆಚ್ಚಿನ ಸಲ ತಾಯಿಯ ಕ್ರೋಮೋಸೋಮು ಇಲ್ಲದ ಅಂಡದೊಳಗೆ ವೀರ್ಯಾಣು ಸೇರಿ, ತನ್ನದನ್ನೇ ಇಮ್ಮಡಿ ಮಾಡಿಕೊಂಡಿರುತ್ತದೆ. ಅದರಿಂದ ಮಗು ಆಗುವುದಿಲ್ಲ, ಮಾಸು ಮಾತ್ರ ಬೆಳೆಯುತ್ತದೆ. ಇದೆಲ್ಲ ಗರ್ಭ ಕಟ್ಟುವ ಆ ಮೊದಲ ಗಳಿಗೆಯಲ್ಲೇ ತೀರ್ಮಾನವಾಗಿರುತ್ತದೆ. ಆಮೇಲೆ ಎತ್ತಿದ ಭಾರಕ್ಕೂ ಮಾಡಿದ ಪ್ರಯಾಣಕ್ಕೂ ಸಂಬಂಧವೇ ಇಲ್ಲ. ಇದನ್ನು ನಾನು ಅವಳಿಗೆ ಮೂರು ಸಲ ಹೇಳಿದೆ. ಮೂರನೇ ಸಲ ಅತ್ತಳು.

ಈಗಲೂ ಎಲ್ಲ ಪ್ರಶ್ನೆ ಮುಗಿದಿಲ್ಲ. ಕಡಿಮೆ ಅಂಕದವರಿಗೆ ಮೆಥೊಟ್ರೆಕ್ಸೇಟ್ ಒಳ್ಳೆಯದಾ, ಆಕ್ಟಿನೋಮೈಸಿನ್ ಎಂಬ ಇನ್ನೊಂದು ಕೀಮೋ ಔಷಧಿ ಒಳ್ಳೆಯದಾ ಎಂದು ಹೋಲಿಸಲು ಒಂದು ದೊಡ್ಡ ಅಂತರರಾಷ್ಟ್ರೀಯ ಪ್ರಯೋಗ ಹಾಕಿಕೊಂಡರು. ಬೇಕಾದಷ್ಟು ಜನ ಸಿಗದೆ 57 ಮಹಿಳೆಯರಿಗೇ ಅದು ನಿಂತಿತು. 2020ರಲ್ಲಿ ಆ ಅರ್ಧ ಪ್ರಯೋಗದ ಫಲಿತಾಂಶವನ್ನೇ ಪ್ರಕಟಿಸಿದರು. ಹತ್ತಾರು ಆಸ್ಪತ್ರೆ ಸೇರಿದರೂ ಇಷ್ಟೇ. ಆದರೂ ಸಿಕ್ಕಷ್ಟನ್ನು ಬಿಸಾಡದೆ ಬರೆದಿಟ್ಟರು ನೋಡಿ, ಅದು ನನಗೆ ಮುಖ್ಯ ಅನಿಸಿತು. ಮುಂದೆ ಬರುವವರಿಗೆ 57 ಜನರ ಅನುಭವ ಸಿಕ್ಕಿತಲ್ಲ.

ಇನ್ನೊಂದು ಕಡೆಯಿಂದ ಒಳ್ಳೆಯ ಸುದ್ದಿಯೂ ಬಂದಿದೆ. ತಾಯಿಯ ದೇಹ ಮಾಸನ್ನು ಯಾಕೆ ಓಡಿಸುವುದಿಲ್ಲ ಅಂದೆನಲ್ಲ, ಅದಕ್ಕೆ ಒಂದು ಕಾರಣ ಪಿಡಿ-ಎಲ್1 ಎಂಬ ಪ್ರೋಟೀನ್. ಮಾಸಿನ ಕೋಶಗಳು ಅದನ್ನು ಹೊರಗೆ ಹಿಡಿದುಕೊಂಡು ದೇಹದ ಕಾವಲುಗಾರರಿಗೆ "ನಮ್ಮನ್ನು ಬಿಟ್ಟುಬಿಡಿ" ಎಂದು ಸನ್ನೆ ಮಾಡುತ್ತವೆ. ಈ ಕ್ಯಾನ್ಸರ್ ಕೋಶಗಳೂ ಅದನ್ನೇ ಮಾಡುತ್ತವೆ. ಹಾಗಾದರೆ ಆ ಸನ್ನೆಯನ್ನು ಮುಚ್ಚಿಬಿಟ್ಟರೆ? 2017ರಲ್ಲಿ ಲಂಡನ್ ತಂಡ, ಬೇರೆ ಯಾವ ಔಷಧಿಗೂ ಬಗ್ಗದ ನಾಲ್ಕು ಮಹಿಳೆಯರಿಗೆ ಇಂಥ ಔಷಧಿ ಕೊಟ್ಟಿದ್ದನ್ನು ವರದಿ ಮಾಡಿತು. ನಾಲ್ವರಲ್ಲಿ ಮೂವರಲ್ಲಿ ಕಾಯಿಲೆ ಹೋಯಿತು. ಫ್ರಾನ್ಸಿನ ಲಿಯೋನ್‌ನಲ್ಲಿ ಬೆನುವಾ ಯು ಅವರ ತಂಡ ಅವೆಲುಮ್ಯಾಬ್ ಎಂಬ ಔಷಧಿಯನ್ನು 15 ಮಹಿಳೆಯರಿಗೆ ಕೊಟ್ಟಿತು. ಎಂಟು ಜನರ ಎಚ್‌ಸಿಜಿ ಸಹಜ ಮಟ್ಟಕ್ಕೆ ಬಂತು. ಅವರಲ್ಲಿ ಒಬ್ಬರಿಗೆ ಆಮೇಲೆ ಆರೋಗ್ಯವಂತ ಮಗು ಹುಟ್ಟಿತು. ನಾಲ್ಕು, ಹದಿನೈದು. ಈ ಲೋಕದಲ್ಲಿ ಲೆಕ್ಕ ಹೀಗೇ ಸಣ್ಣದಾಗಿ ಮುಂದೆ ಹೋಗುತ್ತದೆ.

ಗೆಳತಿಯ ಕಥೆಗೆ ಬರುತ್ತೇನೆ. ಸಂಖ್ಯೆ ಏರಿದ ಮೇಲೆ ಅವಳಿಗೆ ಅಂಕ ಹಾಕಿದರು, ಕಡಿಮೆ ಬಂತು. ಮೆಥೊಟ್ರೆಕ್ಸೇಟ್ ಶುರುವಾಯಿತು. ಒಂದು ದಿನ ಇಂಜೆಕ್ಷನ್, ಮರುದಿನ ಒಳ್ಳೆಯ ಕೋಶಗಳನ್ನು ಕಾಪಾಡುವ ಫೋಲಿನಿಕ್ ಆಮ್ಲದ ಮಾತ್ರೆ. ಹೀಗೆ ಎಂಟು ದಿನ, ಆಮೇಲೆ ಬಿಡುವು, ಮತ್ತೆ ಅದೇ. ಕೂದಲು ಉದುರಲಿಲ್ಲ. ಬಾಯಿ ಹುಣ್ಣಾಯಿತು, ಕಣ್ಣು ಉರಿಯಿತು. ನೋಟ್‌ಬುಕ್ಕಿನಲ್ಲಿ 391 ಆದಮೇಲೆ 140, 52, 19, 6. ಒಂದು ಸಂಜೆ ಲ್ಯಾಬಿನಿಂದ ಬಂದ ಕಾಗದದಲ್ಲಿ ಸಹಜ ಅಂತ ಇತ್ತು. ಮನೆಯವರೆಲ್ಲ ಅತ್ತು ನಕ್ಕು ಮಾಡಿದರು. ಮರುದಿನ ಡಾಕ್ಟರು ಹೇಳಿದರು, ಇನ್ನೂ ಆರು ವಾರ ಔಷಧಿ ಮುಂದುವರಿಸಬೇಕು ಅಂತ.

ಅವತ್ತು ರಾತ್ರಿ ಅವಳು ನನಗೆ ಫೋನ್ ಮಾಡಿದಳು. ಧ್ವನಿಯಲ್ಲೇ ಸುಸ್ತು.

"ಸೊನ್ನೆ ಬಂತಲ್ಲ ಕಣೇ. ಮತ್ಯಾಕೆ ಕೊಡ್ತಾರೆ? ನಂಗೆ ಆಗಲ್ಲ ಇನ್ನು."

ಪರೀಕ್ಷೆಗೆ ಸೊನ್ನೆ ಕಂಡರೂ ಕೆಲವು ಸಾವಿರ ಕೋಶ ಉಳಿದಿರಬಹುದು, ಅವುಗಳಿಗಾಗಿ ಈ ಆರು ವಾರ ಎಂದು ನಾನು ಹೇಳಿದೆ. ಅವಳಿಗೆ ಅದು ಹಿಡಿಸಲಿಲ್ಲ. ಆಗ ನಾನು ಲೀ ಅವರ ಕಥೆ ಹೇಳಿದೆ. ಇಲಿಗಳ ಪರೀಕ್ಷೆ, ಸ್ವಚ್ಛವಾದ ಎಕ್ಸ್‌ರೇ, ಸೊನ್ನೆ ಬರುವವರೆಗೆ ಬಿಡಲ್ಲ ಅಂತ ಹಟ ಹಿಡಿದದ್ದು, ಕೆಲಸ ಹೋದದ್ದು. ಅವಳು ಮಧ್ಯೆ ಮಾತಾಡದೆ ಕೇಳಿದಳು.

"ಆಮೇಲೆ? ಆ ಡಾಕ್ಟ್ರಿಗೆ ಕೆಲಸ ವಾಪಸ್ ಸಿಕ್ತಾ?"

ಅಲ್ಲಿ ಸಿಗಲಿಲ್ಲ, ನ್ಯೂಯಾರ್ಕಿಗೆ ಹೋದರು ಅಂದೆ. ಅಲ್ಲಿ ವೃಷಣದ ಕ್ಯಾನ್ಸರ್‌ಗೆ ಮೂರು ಔಷಧಿ ಸೇರಿಸಿ ಕೊಡುವುದನ್ನು ಶುರು ಮಾಡಿದರು, 1960ರಲ್ಲಿ ಬರೆದರು. 1972ರಲ್ಲಿ ಅವರಿಗೂ ಹರ್ಟ್ಜ್ ಅವರಿಗೂ ಒಟ್ಟಿಗೇ ಲಾಸ್ಕರ್ ಪ್ರಶಸ್ತಿ ಬಂತು, ಇದೇ ಕಾಯಿಲೆಯ ಕೆಲಸಕ್ಕೆ. 1980ರಲ್ಲಿ ತೀರಿಕೊಂಡರು.

"ಅವರು ಕೊಟ್ರಲ್ಲ ಜಾಸ್ತಿ ಔಷಧಿ, ಆ ಹೆಂಗಸರು?"

"ಉಳಿದ್ರು."

ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಕೇಳಲಿಲ್ಲ. ಆಮೇಲೆ ಡ್ರಾಯರ್ ಎಳೆದ ಸದ್ದು, ಕಾಗದ ತಿರುವಿದ ಸದ್ದು.

"ನಾಳೆ ಬೆಳಿಗ್ಗೆ ಏಳು ಗಂಟೆಗೆ ಇಂಜೆಕ್ಷನ್ ಇದೆ," ಅಂದಳು. "ಮಲಗ್ತೀನಿ."